ಗಣಕದ ದೋಷಶೋಧನೆಯೂ ಆಕರವಿಮರ್ಶೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಎಂಬ ಈ ಮೂರು ಊರುಗಳಲ್ಲಿ ಯಾವ ಕಚೇರಿಯ ಕಿಂಡಿಯ ಮುಂದೆ ನಿಂತವರಿಗೂ ಒಂದಲ್ಲ ಒಂದು ದಿನ ಕೇಳಿಬರುವ ವಾಕ್ಯವೊಂದುಂಟು: ‘ಸರ್ವರ್ ಇಲ್ಲ.’ ಕಾಲೇಜಿನ ಗಣಕಶಾಲೆಯಲ್ಲಿಯೂ ಗ್ರಂಥಾಲಯದಲ್ಲಿಯೂ ಪರೀಕ್ಷಾಶುಲ್ಕವನ್ನು ಕಟ್ಟುವಲ್ಲಿಯೂ ಅದೇ ವಾಕ್ಯ. ವ್ಯಾಕರಣದ ದೃಷ್ಟಿಯಿಂದ ಅದು ನಿರ್ದುಷ್ಟವಾಗಿದೆ. ಅರ್ಥದ ದೃಷ್ಟಿಯಿಂದ ಮಾತ್ರ ಅದರಲ್ಲಿ ಏನೂ ಇಲ್ಲ. ದೂರದ ಯಂತ್ರವು ನಿಂತಿರಬಹುದು, ನಡುವಣ ತಂತಿ ಕಡಿದಿರಬಹುದು, ಹೆಸರನ್ನು ವಿಳಾಸವನ್ನಾಗಿ ಮಾರ್ಪಡಿಸಿಕೊಡುವ ವ್ಯವಸ್ಥೆ ಕೈಕೊಟ್ಟಿರಬಹುದು, ಮೇಜಿನ ಮೇಲಿರುವ ಕಂಪ್ಯೂಟರಿನ ಗಡಿಯಾರವೇ ಹಿಂದಕ್ಕೆ ಹೋಗಿರಬಹುದು. ಇವೆಲ್ಲಕ್ಕೂ ‘ಸರ್ವರ್ ಇಲ್ಲ’ ಎಂಬುದೊಂದೇ ವಿವರಣೆ. ಪ್ರಾಚೀನ ರಾಜ್ಯಗಳ ಪತನಕ್ಕೆಲ್ಲ ‘ನೈತಿಕ ಅಧಃಪತನ’ವನ್ನೇ ಕಾರಣವಾಗಿ ಹೇಳುತ್ತಿದ್ದ ಹಳೆಯ ಪಠ್ಯಪುಸ್ತಕಗಳ ನೆನಪು ಇದರಿಂದ ನಮಗಾಗುತ್ತದೆ.

ವಿಂಡೋಸ್ ಕಂಪ್ಯೂಟರುಗಳಲ್ಲಿಯೂ ಅವುಗಳನ್ನು ಬೆಸೆಯುವ ಜಾಲದಲ್ಲಿಯೂ ಉಂಟಾಗುವ ಸಾಮಾನ್ಯ ದೋಷಗಳನ್ನು ಹುಡುಕುವ ಕ್ರಮವು ಇತಿಹಾಸದ ವಿಭಾಗದವರಿಗೆ ಸಂಬಂಧಿಸಿದ್ದಲ್ಲವೆಂದು ಕೆಲವರು ಹೇಳಬಹುದು. ನಮ್ಮ ಅಭಿಪ್ರಾಯ ಬೇರೆ. ದೋಷಶೋಧನೆ ಎಂಬುದು ನಡೆದುಹೋದ ಒಂದು ಘಟನೆಯನ್ನು ಉಳಿದ ಕುರುಹುಗಳಿಂದ ಮರಳಿ ಕಟ್ಟುವ ಕೆಲಸವಾಗಿದೆ. ಅದರಲ್ಲಿ ಸಾಕ್ಷಿಗಳಿದ್ದಾರೆ, ಸುಳ್ಳುಸಾಕ್ಷಿಗಳಿದ್ದಾರೆ, ದಿನಾಂಕಗಳಿವೆ, ಪ್ರತಿಕಾರನ ಕೈತಪ್ಪುಗಳಿವೆ. ಅದಲ್ಲದೆ ಈ ಹೊತ್ತು ನಮ್ಮ ಜಿಲ್ಲೆಯ ಇತಿಹಾಸದ ಆಕರಗಳಲ್ಲಿ ಬಹುಭಾಗ, ಅಂದರೆ ಶಾಸನಪಾಠಗಳು, ಕಡತಗಳ ನಕಲುಗಳು, ಯಕ್ಷಗಾನ ಪ್ರಸಂಗಗಳು, ಪಾಡ್ದನಗಳ ಸಂಗ್ರಹಗಳು, ಪ್ರೌಢಪ್ರಬಂಧಗಳು, ಈ ಯಂತ್ರಗಳೊಳಗೇ ಇವೆ. ಯಂತ್ರವನ್ನು ದುರಸ್ತಿಗೊಳಿಸುವವನು ಆಕರವನ್ನು ಉಳಿಸುವವನೂ ಆಗಬಲ್ಲನು, ಕೆಡಿಸುವವನೂ ಆಗಬಲ್ಲನು. ಆದುದರಿಂದ ಈ ವಿದ್ಯೆಯ ರೂಢಿಯನ್ನು ಆಕರವಿಮರ್ಶೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಅಪ್ರಸ್ತುತವಾಗದು.

ಮೊತ್ತಮೊದಲು ಸಾಕ್ಷಿಯ ಮಾತು. ಪರದೆಯ ಕೆಳಮೂಲೆಯಲ್ಲಿ ‘ಇಂಟರ್ನೆಟ್ ಇಲ್ಲ’ ಎಂದು ಸೂಚಿಸುವ ಒಂದು ಸಣ್ಣ ಚಿಹ್ನೆಯುಂಟು. ವಿದ್ಯಾರ್ಥಿಗಳು ಅದನ್ನು ಆಪ್ತವಾಕ್ಯವೆಂದು ನಂಬುತ್ತಾರೆ. ಆದರೆ ಆ ಚಿಹ್ನೆಯ ಹಿಂದಿರುವುದು ಒಂದು ಚಿಕ್ಕ ಪರೀಕ್ಷೆಯಷ್ಟೆ. ವಿಂಡೋಸ್ ಮೈಕ್ರೋಸಾಫ್ಟಿನದೇ ಆದ ಒಂದು ತಾಣದಿಂದ ಒಂದೇ ಸಾಲಿನ ಕಡತವನ್ನು ತರಿಸಿಕೊಂಡು, ಅದರೊಳಗೆ ನಿರೀಕ್ಷಿಸಿದ ಪದಗಳೇ ಇವೆಯೇ ಎಂದು ನೋಡುತ್ತದೆ. ಕಾಲೇಜಿನ ಜಾಲದ ಕಾವಲುಯಂತ್ರವು ಆ ಒಂದು ತಾಣವನ್ನು ತಡೆದಿದ್ದರೆ ಉಳಿದ ಲೋಕವೆಲ್ಲ ತೆರೆದಿದ್ದರೂ ‘ಇಂಟರ್ನೆಟ್ ಇಲ್ಲ’ವೆಂಬ ತೀರ್ಪು ಹೊರಬೀಳುತ್ತದೆ, ಆ ಒಂದು ತಾಣ ಮಾತ್ರ ದೊರೆತು ಬೇಕಾದುದು ದೊರೆಯದಿದ್ದರೂ ಎಲ್ಲವೂ ಸರಿಯಿದೆಯೆಂಬ ಚಿಹ್ನೆ ಕಾಣುತ್ತದೆ. ಒಬ್ಬನೇ ಪ್ರವಾಸಿಯ ಬರವಣಿಗೆಯನ್ನು ಹಿಡಿದು ಒಂದು ಸಾಮ್ರಾಜ್ಯದ ಆರ್ಥಿಕ ಸ್ಥಿತಿಯನ್ನು ನಿರ್ಣಯಿಸಿದಂತೆ ಇದು.

ಇದಕ್ಕಿಂತ ನಂಬತಕ್ಕ ಸಾಕ್ಷಿ ಯಂತ್ರದ ವಿಳಾಸವೇ. ಜಾಲದಲ್ಲಿ ವಿಳಾಸಗಳನ್ನು ಹಂಚುವ ಯಂತ್ರದಿಂದ ಉತ್ತರ ಬಾರದಿದ್ದಾಗ ವಿಂಡೋಸ್ ತನಗೆ ತಾನೇ ಒಂದು ವಿಳಾಸವನ್ನು ಕೊಟ್ಟುಕೊಳ್ಳುತ್ತದೆ. ಅದು ಯಾವಾಗಲೂ 169.254 ಎಂದು ಆರಂಭವಾಗುತ್ತದೆ. ಈ ಅಂಕಿಯನ್ನು ಕಂಡೊಡನೆ ದೂರದ ಸರ್ವರನ್ನು ದೂರುವುದು ಅನುಚಿತ. ದೋಷವು ಇದೇ ಕಟ್ಟಡದೊಳಗಿದೆ. ಕೋಣೆಯ ಅರ್ಧದಷ್ಟು ಯಂತ್ರಗಳು ಸರಿಯಾಗಿದ್ದು ಉಳಿದ ಅರ್ಧಕ್ಕೆ ಬೇರೊಂದು ಸಾಲಿನ ವಿಳಾಸಗಳು ಬಂದಿದ್ದರೆ, ಯಾರೋ ಮನೆಯಿಂದ ತಂದ ರೂಟರೊಂದನ್ನು ಗೋಡೆಯ ಕುಳಿಗೆ ಚುಚ್ಚಿದ್ದಾರೆಂದು ಊಹಿಸಬಹುದು: ಒಂದೇ ರಾಜ್ಯದಲ್ಲಿ ಇಬ್ಬರು ಸನದುಗಳನ್ನು ಹಂಚುತ್ತಿದ್ದಾರೆ. ಎಲ್ಲ ಯಂತ್ರಗಳೂ ಒಮ್ಮೆಗೇ ಸ್ತಬ್ಧವಾಗಿ, ಸ್ವಿಚ್ಚಿನ ದೀಪಗಳೆಲ್ಲ ಎಡೆಬಿಡದೆ ಮಿನುಗುತ್ತಿದ್ದರೆ, ಒಂದೇ ತಂತಿಯ ಎರಡೂ ತುದಿಗಳು ಒಂದೇ ಸ್ವಿಚ್ಚಿಗೆ ಸೇರಿವೆಯೇ ಎಂದು ನೋಡತಕ್ಕದ್ದು. ಕೋಣೆಯನ್ನು ಗುಡಿಸಿದ ಬಳಿಕ ಸಡಿಲವಾಗಿ ತೂಗುತ್ತಿದ್ದ ತಂತಿಯನ್ನು ಸದುದ್ದೇಶದಿಂದಲೇ ಯಾರೋ ಖಾಲಿ ಕಂಡಿಗೆ ಸೇರಿಸಿರುತ್ತಾರೆ.

ನಮ್ಮ ಸೀಮೆಗೆ ವಿಶೇಷವಾದ ಕಾರಣವೊಂದನ್ನು ಇಲ್ಲಿಯೇ ಹೇಳಬಹುದು. ಬೆಳ್ತಂಗಡಿಯು ಘಟ್ಟದ ಬುಡದಲ್ಲಿದೆ; ಮಳೆಗಾಲಕ್ಕೆ ಮುಂಚೆ ಏಪ್ರಿಲ್ ಮೇ ತಿಂಗಳುಗಳಲ್ಲಿಯೂ ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿಯೂ ಸಂಜೆಯ ಸಿಡಿಲು ಇಲ್ಲಿ ನಿತ್ಯದ ಸಂಗತಿ. ಸಿಡಿಲಿನ ವಿದ್ಯುತ್ತು ಗೋಡೆಯ ವಿದ್ಯುತ್ ತಂತಿಯಿಂದಲೇ ಬರಬೇಕೆಂದಿಲ್ಲ. ಎರಡು ಕಟ್ಟಡಗಳ ನಡುವೆ ಮರದಿಂದ ಮರಕ್ಕೆ ಎಳೆದ ತಾಮ್ರದ ಜಾಲತಂತಿಯ ಮೂಲಕವೂ ಅದು ಒಳಹೊಗುತ್ತದೆ. ಯಂತ್ರವು ಸಾಯುವುದಿಲ್ಲ; ಅದರ ಜಾಲದ ಕಂಡಿಯೊಂದೇ ಸಾಯುತ್ತದೆ, ಇಲ್ಲವೆ ಅರೆಜೀವವಾಗಿ ಉಳಿದು ತಿಂಗಳುಗಟ್ಟಲೆ ಕಾಡುತ್ತದೆ. ಹೊರಗಿನಿಂದ ಬಂದ ತಜ್ಞನು ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ ಹೋಗುತ್ತಾನೆ. ದೋಷ ಹಾಗೆಯೇ ಇರುತ್ತದೆ. ಗಾಜಿನೆಳೆಯ ತಂತಿ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಕಟ್ಟಡದಿಂದ ಕಟ್ಟಡಕ್ಕೆ ಅದನ್ನೇ ಬಳಸುವುದು ಯುಕ್ತ.

ಇನ್ನು ದಿನಾಂಕ. ವಿಂಡೋಸಿನೊಳಗೆ ಒಂದು ದಿನಚರಿಯಿದೆ. ಘಟನೆಗಳನ್ನು ಅದು ಸಂಖ್ಯೆಯೊಡನೆ ಬರೆದಿಡುತ್ತದೆ. 6005 ಎಂದರೆ ದಿನಚರಿ ಆರಂಭವಾಯಿತು, 6006 ಎಂದರೆ ಕ್ರಮವಾಗಿ ಮುಗಿಯಿತು, 6008 ಎಂದರೆ ಹಿಂದಿನ ಸಲ ಯಂತ್ರವು ಅನಿರೀಕ್ಷಿತವಾಗಿ ನಿಂತಿತ್ತು. 41 ಎಂಬ ಸಂಖ್ಯೆಯನ್ನು ಕಂಡು ಅನೇಕರು ಅದೇ ಕಾರಣವೆಂದು ಭ್ರಮಿಸುತ್ತಾರೆ. ಅದು ಕಾರಣವಲ್ಲ. ಮೂರ್ಛೆಯಿಂದ ಎಚ್ಚತ್ತವನು ‘ನಾನು ಬಿದ್ದಿದ್ದೆ’ ಎಂದು ಹೇಳುವ ಹೇಳಿಕೆ ಅದು. ಏಕೆ ಬಿದ್ದನೆಂಬುದು ಅವನಿಗೂ ತಿಳಿಯದು. ಈ ದಿನಚರಿಯ ಪುಟಗಳು ಮಿತವಾಗಿವೆ: ರೂಢಿಯಂತೆ ಬಿಟ್ಟರೆ 20 ಮೆಗಾಬೈಟುಗಳಷ್ಟು ತುಂಬಿದ ಬಳಿಕ ಹಳೆಯದು ಅಳಿದು ಹೊಸದಕ್ಕೆ ಎಡೆಯಾಗುತ್ತದೆ. ಕಾರಣವನ್ನು ಹುಡುಕಲು ತಡಮಾಡಿದಷ್ಟೂ ಆಕರವು ತಾನಾಗಿಯೇ ಕರಗುತ್ತದೆ.

ಯಂತ್ರದೊಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಾಗ ಗಡಿಯಾರವು ಹಲವು ವರ್ಷ ಹಿಂದಕ್ಕೆ ಜಾರುತ್ತದೆ. ಆಗ ಬ್ಯಾಂಕಿನ ತಾಣವಾಗಲಿ ವಿಶ್ವವಿದ್ಯಾನಿಲಯದ ತಾಣವಾಗಲಿ ತೆರೆಯುವುದಿಲ್ಲ; ಅವುಗಳ ಪ್ರಮಾಣಪತ್ರಗಳು ಯಂತ್ರದ ದೃಷ್ಟಿಯಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಕೆಲವೇ ರೂಪಾಯಿಗಳ ಬ್ಯಾಟರಿಯನ್ನು ಬದಲಿಸಿದರೆ ತೀರುವ ಈ ತೊಂದರೆಯೂ ‘ಸರ್ವರ್ ಇಲ್ಲ’ ಎಂಬ ಶೀರ್ಷಿಕೆಯ ಕೆಳಗೇ ಸೇರಿಹೋಗುತ್ತದೆ. ಇತಿಹಾಸಕಾರನಿಗೆ ಇದಕ್ಕಿಂತ ಮುಖ್ಯವಾದುದು ಮತ್ತೊಂದು. ಆ ಅವಧಿಯಲ್ಲಿ ಬರೆದ ಕಡತಗಳೆಲ್ಲವೂ ತಪ್ಪು ವರ್ಷವನ್ನು ಹೊತ್ತಿರುತ್ತವೆ. ಗಡಿಯಾರ ಸರಿಯಿದ್ದಾಗಲೂ ಕಡತದ ದಿನಾಂಕವನ್ನು ಓದುವುದರಲ್ಲಿ ಎಚ್ಚರ ಬೇಕು. ವಿಂಡೋಸಿನಲ್ಲಿ ಒಂದು ಕಡತವನ್ನು ಬೇರೆಡೆಗೆ ನಕಲು ಮಾಡಿದರೆ ‘ಸೃಷ್ಟಿಯಾದ’ ದಿನಾಂಕವು ನಕಲಿನ ದಿನದ್ದಾಗುತ್ತದೆ. ‘ಮಾರ್ಪಟ್ಟ’ ದಿನಾಂಕವು ಹಳೆಯದಾಗಿಯೇ ಉಳಿಯುತ್ತದೆ. ಹುಟ್ಟುವುದಕ್ಕೆ ಮುಂಚೆಯೇ ತಿದ್ದಲ್ಪಟ್ಟ ಕಡತವೆಂಬ ಈ ವಿಚಿತ್ರವನ್ನು ಕಂಡು ವೈರಸ್ಸಿನ ಕಾಟವೆಂದು ಹೆದರಿದವರೂ ಉಂಟು. ಓಲೆಗ್ರಂಥಗಳನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಗ್ರಂಥಾಂತ್ಯದಲ್ಲಿರುವ ಸಂವತ್ಸರವು ಕವಿಯದೋ ಪ್ರತಿಕಾರನದೋ ಎಂಬ ಪ್ರಶ್ನೆಯೇ ಇದು.

ಪರಿಹಾರಗಳ ವಿಚಾರಕ್ಕೆ ಬರೋಣ. ಎಲ್ಲಕ್ಕೂ ಮೊದಲನೆಯ ಪರಿಹಾರ ಯಂತ್ರವನ್ನು ಆರಿಸಿ ಹೊತ್ತಿಸುವುದು. ಇದನ್ನು ಹಾಸ್ಯಮಾಡುವುದು ಸುಲಭ. ಆದರೆ ಇದರ ಹಿಂದೆ ಯುಕ್ತಿಯಿದೆ. ಹಾಸ್ಯಕ್ಕೆ ಯೋಗ್ಯವಾದುದು, ಆರಿಸಿದರೂ ಆರದೆಂಬುದು ತಿಳಿಯದಿರುವುದು. 2012ರ ವಿಂಡೋಸ್ 8ರಿಂದ ಈಚೆಗೆ ‘ತ್ವರಿತ ಆರಂಭ’ ಎಂಬ ಏರ್ಪಾಡಿನಿಂದಾಗಿ ‘ಆರಿಸು’ ಎಂದಾಗ ವ್ಯವಸ್ಥೆಯ ತಿರುಳು ನಿಲ್ಲುವುದಿಲ್ಲ. ಅದನ್ನು ಡಿಸ್ಕಿನ ಮೇಲೆ ಮಲಗಿಸಿಡಲಾಗುತ್ತದೆ, ಮರುದಿನ ಹಾಗೆಯೇ ಎಬ್ಬಿಸಲಾಗುತ್ತದೆ. ‘ಮರುಆರಂಭ’ ಎಂದಾಗ ಮಾತ್ರ ಅದು ನಿಜವಾಗಿ ಹೊಸದಾಗುತ್ತದೆ. ಪ್ರತಿದಿನ ತಪ್ಪದೆ ಯಂತ್ರವನ್ನು ಆರಿಸಿ ಹೋಗುವ ಶಿಸ್ತಿನ ಸಿಬ್ಬಂದಿಯ ಯಂತ್ರವೇ ವಾರಗಟ್ಟಲೆ ಎಡೆಬಿಡದೆ ಬದುಕಿರುವುದುಂಟು.

ಎರಡನೆಯ ಪರಿಹಾರ ‘ಫಾರ್ಮ್ಯಾಟ್’. ನಮ್ಮ ಊರುಗಳಲ್ಲಿ ಇದಕ್ಕಿರುವ ಗೌರವ ಅಪಾರ. ಡಿಸ್ಕನ್ನು ಪೂರ್ಣವಾಗಿ ಅಳಿಸಿ ವಿಂಡೋಸನ್ನು ಮತ್ತೆ ಹೂಡುವುದು. ಬಳಿಕ ಯಂತ್ರ ನಡೆದರೆ ‘ವೈರಸ್ ಇತ್ತು’ ಎನ್ನುವುದು. ಬಳಿಕ ನಡೆಯಿತು, ಆದುದರಿಂದ ಅದರಿಂದಲೇ ನಡೆಯಿತು ಎಂಬ ಈ ತರ್ಕವನ್ನು ಇತಿಹಾಸದ ಮೊದಲ ವರ್ಷದ ತರಗತಿಯಲ್ಲಿಯೇ ನಾವು ಖಂಡಿಸುತ್ತೇವೆ. ಸವೆಯುತ್ತಿರುವ ಡಿಸ್ಕು ಫಾರ್ಮ್ಯಾಟಿನ ಬಳಿಕ ಒಂದೆರಡು ತಿಂಗಳು ಸುಮ್ಮನಿದ್ದು ಮತ್ತೆ ಕೆಡುತ್ತದೆ. ಆಗ ಹಿಂದಿನ ದಿನಚರಿಯಿಲ್ಲ, ಹೋಲಿಸಿ ನೋಡಲು ಏನೂ ಇಲ್ಲ. ಉತ್ಖನನದ ಸ್ಥಳವನ್ನು ಮೊದಲು ಸಮತಟ್ಟು ಮಾಡಿ ಬಳಿಕ ಅಲ್ಲಿ ಯಾರು ಬಾಳಿದ್ದರೆಂದು ಕೇಳಿದಂತಾಯಿತು. ಪೆನ್‌ಡ್ರೈವುಗಳ ವಿಷಯದಲ್ಲಿ ಇದರಿಂದಾದ ನಷ್ಟ ಇನ್ನೂ ಶೋಚನೀಯ. ಒಳಗಿನ ಕೋಶಗಳನ್ನು ಮರೆಮಾಡಿ ಅವುಗಳ ಜಾಗದಲ್ಲಿ ಅದೇ ಹೆಸರಿನ ಅಡ್ಡದಾರಿಗಳನ್ನಿಡುವ ಒಂದು ಜಾತಿಯ ದುಷ್ಟತಂತ್ರವುಂಟು. ಕಡತಗಳು ಅಲ್ಲಿಯೇ ಇರುತ್ತವೆ, ಕಾಣುವುದಿಲ್ಲ, ಅಷ್ಟೆ. ‘ಆಟ್ರಿಬ್’ ಎಂಬ ಒಂದು ಆಜ್ಞೆಯಿಂದ ಅವುಗಳ ಮರೆಯನ್ನು ತೆಗೆಯಬಹುದು. ಹಾಗೆ ಮಾಡದೆ ಫಾರ್ಮ್ಯಾಟ್ ಮಾಡಿದಾಗ ವೈರಸ್ಸಿನೊಡನೆ ಪ್ರೌಢಪ್ರಬಂಧವೂ ಹೋಗುತ್ತದೆ. ವೈರಸ್ ಮಾಡದೆ ಬಿಟ್ಟ ಹಾನಿಯನ್ನು ಇಲ್ಲಿ ವೈದ್ಯನು ಪೂರೈಸುತ್ತಾನೆ.

ದೋಷವನ್ನೆಲ್ಲ ಊರಿನ ದುರಸ್ತಿಗಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರ ಮುಂದಿರುವ ಪಠ್ಯವೇ ಕೆಟ್ಟಿದೆ. ವಿಂಡೋಸ್ 95ರ ಸಹಾಯಪುಟಗಳು ದೋಷವನ್ನು ಹುಡುಕುವಾಗ ಬಳಕೆದಾರನನ್ನು ಒಂದೊಂದಾಗಿ ಪ್ರಶ್ನಿಸುತ್ತಿದ್ದವು. ಪ್ರತಿ ಹೆಜ್ಜೆಯ ಕೊನೆಗೂ ತೊಂದರೆ ತೀರಿತೇ ಎಂದು ಕೇಳುತ್ತಿದ್ದವು. ಅದು ಒಂದು ಬಗೆಯ ಪ್ರಾಮಾಣಿಕತೆ. ಯಂತ್ರವು ಕುಸಿದಾಗ ತೋರುವ ನೀಲಿ ಪರದೆಯ ಮೇಲೆ ಅಂದು ಸಾಮಾನ್ಯನಿಗೆ ತಿಳಿಯದ ಅಂಕಿಗಳಾದರೂ ಇರುತ್ತಿದ್ದವು. ತಿಳಿದವನಿಗೆ ಅವು ಆಕರಗಳು. 2012ರಲ್ಲಿ ಆ ಅಂಕಿಗಳ ಜಾಗಕ್ಕೆ ಅಳುಮುಖದ ಚಿಹ್ನೆಯೂ ಒಂದು ಸಾಂತ್ವನದ ವಾಕ್ಯವೂ ಬಂದವು. 2025ರಲ್ಲಿ ಪರದೆಯ ಬಣ್ಣ ಕಪ್ಪಾಯಿತು. ಒಳಗೇ ಇದ್ದ ಹಳೆಯ ದೋಷಶೋಧಕಗಳನ್ನು ಕ್ರಮೇಣ ಹಿಂದೆಗೆಯುವುದಾಗಿ 2023ರಲ್ಲಿ ಮೈಕ್ರೋಸಾಫ್ಟು ಘೋಷಿಸಿತು. ಬಳಕೆದಾರನನ್ನು ಹೆದರಿಸಬಾರದೆಂಬ ಉದ್ದೇಶ ಒಳ್ಳೆಯದಿರಬಹುದು. ಆದರೆ ಹೆದರಿಕೆಯನ್ನು ಕಳೆಯಲು ಸಾಕ್ಷ್ಯವನ್ನು ಮರೆಮಾಡುವುದು ಆಸ್ಥಾನಕವಿಗಳ ರೀತಿ, ಇತಿಹಾಸಕಾರರದಲ್ಲ.

ಕಾರಣವು ದೂರದಲ್ಲಿದ್ದು ಕಾರ್ಯವು ನಮ್ಮ ಕೋಣೆಯಲ್ಲಿ ಕಾಣಿಸಿಕೊಳ್ಳುವ ಪ್ರಸಂಗಗಳೂ ಉಂಟೆಂಬುದನ್ನು ಒಪ್ಪಲೇಬೇಕು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪೀಡೆ ಜಗತ್ತಿನಲ್ಲೆಲ್ಲ ಹಬ್ಬಿದ್ದು, ಕಡತಗಳನ್ನು ಹಂಚಿಕೊಳ್ಳುವ ಒಂದು ಹಳೆಯ ಒಡಂಬಡಿಕೆಯ ಬಿರುಕಿನಿಂದ. ಆ ಬಿರುಕಿಗೆ ತೇಪೆಯನ್ನು ಅದೇ ಮಾರ್ಚಿಯಲ್ಲಿಯೇ ಕೊಟ್ಟಿದ್ದರು, ಹಚ್ಚಿಕೊಂಡವರು ಕಡಮೆ. ಆ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮುಂದೆ ಹೊಸದಾಗಿ ಹೂಡಿದ ಯಂತ್ರಗಳಲ್ಲಿ ಆ ಹಳೆಯ ಒಡಂಬಡಿಕೆ ತಾನಾಗಿ ಸೇರುವುದಿಲ್ಲ. ಕಾಲೇಜಿನ ಮೂಲೆಯಲ್ಲಿ ಹಲವು ವರ್ಷ ಕಡತಗಳನ್ನು ಕೊಡುತ್ತಿದ್ದ ಹಳೆಯ ಪೆಟ್ಟಿಗೆ ಹೊಸ ಯಂತ್ರಗಳಿಗೆ ಕಾಣದಾದುದರ ಕಾರಣ ಇದು. ಅದನ್ನು ಮತ್ತೆ ಕಾಣಿಸುವಂತೆ ಹಳೆಯ ಬಾಗಿಲನ್ನು ತೆರೆದಿಡುವ ಸಲಹೆ ಸುಲಭವಾಗಿ ದೊರೆಯುತ್ತದೆ. ಬಾಗಿಲನ್ನು ಏಕೆ ಮುಚ್ಚಿದರೆಂಬುದನ್ನು ಅರಿತವನು ಹಾಗೆ ಮಾಡಲಾರನು. ಪೆಟ್ಟಿಗೆಯನ್ನೇ ಬದಲಿಸಬೇಕು. ಹಂಚಿಕೊಂಡ ಪ್ರಿಂಟರುಗಳು 2021ರ ಸೆಪ್ಟೆಂಬರಿನಲ್ಲಿ ಏಕಾಏಕಿ ಮೂಕವಾದುದೂ ಇಂತಹದೇ ಒಂದು ಭದ್ರತೆಯ ತೇಪೆಯಿಂದ.

ಈ ವರೆಗೆ ಹೇಳಿದುದು ಯಂತ್ರದ ಮಾತಾಯಿತು. ನಮಗೆ ನಿಜವಾಗಿ ಕಳವಳವನ್ನುಂಟುಮಾಡುವುದು ಕನ್ನಡದ ಮಾತು.

ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಡನೆ ಬಂದಿತು. ಅದಕ್ಕೆ ಮುಂಚೆಯೂ, ಅದರ ಬಳಿಕ ಬಹುಕಾಲವೂ ಕನ್ನಡವನ್ನು ಬೆರಳಚ್ಚು ಮಾಡಿದ್ದು ‘ಶ್ರೀಲಿಪಿ’, ‘ಬರಹ’, ‘ನುಡಿ’ ಮುಂತಾದ ತಂತ್ರಾಂಶಗಳಿಂದ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ‘ನುಡಿ’ಗೆ ಆಧಾರವಾಯಿತೆಂಬುದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ. ಆದರೆ ಈ ಹಳೆಯ ಫಾಂಟುಗಳ ಕಡತದಲ್ಲಿ ಕನ್ನಡದ ಅಕ್ಷರಗಳಿಲ್ಲ. ರೋಮನ್ ಅಕ್ಷರಗಳಿಗೂ ಅವುಗಳ ತಲೆಗೀಟಿನ ಬಂಧುಗಳಿಗೂ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕುಳ್ಳಿರಿಸಲಾಗಿದೆ. ಫಾಂಟು ಇರುವಲ್ಲಿ ಕನ್ನಡ ಕಾಣುತ್ತದೆ; ಇಲ್ಲದ ಯಂತ್ರದಲ್ಲಿ ವಿಚಿತ್ರವಾದ ರೋಮನ್ ಸಾಲುಗಳು. ಗಣಕಶಾಲೆಯಲ್ಲಿ ‘ಕಡತ ಕೆಟ್ಟಿದೆ’ ಎಂಬ ದೂರಿಗೆ ಹತ್ತರಲ್ಲಿ ಹಲವು ಸಲ ಕಾರಣ ಇದೇ. ವಿಂಡೋಸ್ 10ರ 2018ರ ಆವೃತ್ತಿಯಿಂದ ಈಚೆಗೆ ಫಾಂಟನ್ನು ಒಬ್ಬ ಬಳಕೆದಾರನಿಗೆ ಮಾತ್ರ ಸೀಮಿತವಾಗಿ ಹೂಡುವ ಅವಕಾಶ ಬಂದ ಬಳಿಕ ಗೊಂದಲ ಇನ್ನೂ ಬೆಳೆಯಿತು: ಬೆಳಗ್ಗೆ ಒಬ್ಬ ವಿದ್ಯಾರ್ಥಿನಿಗೆ ಕನ್ನಡವಾಗಿ ಕಂಡ ಕಡತವೇ ಮಧ್ಯಾಹ್ನ ಅದೇ ಯಂತ್ರದಲ್ಲಿ ಇನ್ನೊಬ್ಬಳಿಗೆ ಕಲಸುಮೇಲೋಗರವಾಗುತ್ತದೆ. ಕಡತಕ್ಕೆ ಏನೂ ಆಗಿಲ್ಲ.

ಫಾಂಟು ದೊರೆಯದಾದೀತೆಂದು ಹೆದರಿ ಈಗ ಎಲ್ಲರೂ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುತ್ತಿದ್ದಾರೆ. ಅದು ಆಗಬೇಕಾದ ಕೆಲಸವೇ. ಆದರೆ ಪರಿವರ್ತನೆ ಎಂಬುದು ಪ್ರತಿ ಮಾಡುವ ಕಾರ್ಯ. ಪ್ರತಿ ಎಂದ ಮೇಲೆ ಪಾಠಾಂತರ ತಪ್ಪದು. ನಮ್ಮ ಮೂರು ಊರುಗಳ ಹೆಸರುಗಳನ್ನೇ ತೆಗೆದುಕೊಂಡು ಪರಿಶೀಲಿಸೋಣ.

ನುಡಿಯ ಫಾಂಟಿನಲ್ಲಿ ಆಕಾರಗಳು ಕಣ್ಣಿಗೆ ಕಾಣುವ ಸರದಿಯಲ್ಲಿ ಕುಳಿತಿರುತ್ತವೆ. ಯೂನಿಕೋಡಿನಲ್ಲಿ ಅಕ್ಷರಗಳು ಉಚ್ಚಾರದ ಸರದಿಯಲ್ಲಿರುತ್ತವೆ. ‘ಬೆಳ್ತಂಗಡಿ’ಯಲ್ಲಿ ಳಕಾರವೂ ಅದರ ಕೆಳಗೆ ತಕಾರದ ಒತ್ತೂ ಎರಡು ಪದ್ಧತಿಗಳಲ್ಲಿಯೂ ಒಂದೇ ಸರದಿಯಲ್ಲಿ ಬರುತ್ತವೆ. ಆದುದರಿಂದ ಎಷ್ಟು ಮೊದ್ದಾದ ಪರಿವರ್ತಕವಾದರೂ ಬೆಳ್ತಂಗಡಿಯನ್ನು ಕೆಡಿಸಲಾರದು. ‘ಬಂಟ್ವಾಳ’ದಲ್ಲಿ ಹಾಗಲ್ಲ. ಹಳೆಯ ಫಾಂಟಿನಲ್ಲಿ ಮೊದಲು ಟಕಾರ, ಬಳಿಕ ದೀರ್ಘದ ಕೊಂಬು, ಅದರ ಬಳಿಕ ವಕಾರದ ಒತ್ತು. ಸರದಿಯನ್ನು ತಿದ್ದದೆ ಪರಿವರ್ತಿಸಿದರೆ ‘ಬಂಟಾ’ ಎಂದಾಗಿ, ಒತ್ತಕ್ಷರವು ಆಧಾರವಿಲ್ಲದೆ ಚುಕ್ಕೆಗಳ ವರ್ತುಲವೊಂದಕ್ಕೆ ಜೋತುಬೀಳುತ್ತದೆ. ‘ಮೂಡಬಿದಿರೆ’ಯ ಗತಿ ಮೂರನೆಯದು. ಆ ಫಾಂಟಿನಲ್ಲಿ ಮಕಾರಕ್ಕೆ ಸ್ವಂತ ಮನೆಯಿಲ್ಲ. ವಕಾರದ ಆಕಾರಕ್ಕೆ ಉಕಾರದ ಕೊಂಬನ್ನು ಹಚ್ಚಿ ಮಕಾರವನ್ನು ಕಟ್ಟಲಾಗಿದೆ. ಇದು ಅಚ್ಚುಮೊಳೆಗಳ ಪೆಟ್ಟಿಗೆಯ ಯುಕ್ತಿ: ಮೊಳೆಗಳ ಸಂಖ್ಯೆಯನ್ನು ಮಿತಗೊಳಿಸಲು ಮೊಳೆಜೋಡಕರು ಬಹುಕಾಲದಿಂದ ಅಕ್ಷರಗಳನ್ನು ತುಂಡುಗಳಿಂದ ಕೂಡಿಸುತ್ತಿದ್ದರು. ಇದನ್ನರಿಯದ ಪರಿವರ್ತಕವು ಮಕಾರವಿರುವಲ್ಲೆಲ್ಲ ‘ವು’ ಎಂದು ಬರೆಯುತ್ತದೆ. ಮೂಡಬಿದಿರೆಯು ತನ್ನ ಮೊದಲನೆಯ ಅಕ್ಷರವನ್ನೇ ಕಳೆದುಕೊಳ್ಳುತ್ತದೆ. ಯಕಾರದ ಮುಂದಿನ ಸೊನ್ನೆಯಂತಹ ತುಂಡು ಅನುಸ್ವಾರವೆಂದು ಭ್ರಮೆ ಹುಟ್ಟಿಸುವುದೂ ಇದೇ ಕಾರಣದಿಂದ.

ಹೀಗೆ ಯಾವ ಪದ ಕೆಟ್ಟಿದೆ, ಯಾವುದು ಕೆಟ್ಟಿಲ್ಲ ಎಂಬುದನ್ನು ಒಟ್ಟಿಗೆ ನೋಡಿದರೆ ದೋಷದ ಮೂಲ ಬೆಳಕಿಗೆ ಬರುತ್ತದೆ. ಕೆಟ್ಟ ಪದಗಳನ್ನು ಮಾತ್ರ ಎಣಿಸುವವನಿಗೆ ಅದು ದೊರೆಯದು; ಬೆಳ್ತಂಗಡಿ ಏಕೆ ಉಳಿಯಿತೆಂದು ಕೇಳಬೇಕು. ಗ್ರಂಥಸಂಪಾದಕನು ಪ್ರತಿಗಳ ವಂಶವೃಕ್ಷವನ್ನು ಬಿಡಿಸುವಾಗ ಮಾಡುವುದೂ ಇದನ್ನೇ. ಯಾದೃಚ್ಛಿಕವಾದ ಕೈತಪ್ಪು ಬೇರೆ, ನಿಯಮಬದ್ಧವಾದ ತಪ್ಪು ಬೇರೆ. ಎರಡನೆಯದನ್ನು ನಿಯಮದಿಂದಲೇ ಹಿಂದಿರುಗಿಸಬಹುದು.

ಎಲ್ಲ ಕಡೆಗಳಲ್ಲಿಯೂ ಅಲ್ಲ. ಅರ್ಕಾವತ್ತಿನ ವಿಷಯದಲ್ಲಿ ತೊಡಕು ಆಳವಾಗಿದೆ. ಉಚ್ಚಾರದಲ್ಲಿ ಮೊದಲು ಬರುವ ರೇಫವು ಬರವಣಿಗೆಯಲ್ಲಿ ವ್ಯಂಜನದ ಬಲಗಡೆಗೆ ಕುಳಿತುಕೊಳ್ಳುತ್ತದೆ. ಮೊದ್ದು ಪರಿವರ್ತನೆಯಲ್ಲಿ ‘ಕರ್ನಾಟಕ’ವು ‘ಕನಾರ್ಟಕ’ವಾಗುವುದನ್ನೂ ‘ಧರ್ಮ’ವು ‘ಧಮರ್’ ಆಗುವುದನ್ನೂ ಎಲ್ಲರೂ ಕಂಡಿದ್ದಾರೆ. ಧರ್ಮಸ್ಥಳವು ‘ಧಮರ್ಸ್ಥಳ’, ಕಾರ್ಕಳವು ‘ಕಾಕರ್ಳ’. ಓದುವವನು ನಕ್ಕು ತಿದ್ದಿಕೊಳ್ಳುತ್ತಾನೆ. ಆದರೆ ಹಳಗನ್ನಡದ ಶಾಸನಪಾಠದಲ್ಲಿ ‘ಅರಸರ್’, ‘ಅವರ್’ ಎಂದು ರೇಫಾಂತವಾದ ರೂಪಗಳು ಸಹಜವಾಗಿಯೇ ಇರುತ್ತವೆ. ಮೂಲ ಕಡತದಲ್ಲಿ ಅರ್ಕಾವತ್ತಿಗೂ ಅರ್ಧರಕಾರಕ್ಕೂ ಬೇರೆ ಬೇರೆ ಸಂಕೇತಗಳಿದ್ದವು. ಪರಿವರ್ತನೆಯ ಬಳಿಕ ಎರಡೂ ಒಂದೇ ರೂಪವನ್ನು ತಾಳಿವೆ. ಪರಿಚಿತ ಪದವಾದರೆ ಸಂದರ್ಭದಿಂದ ತಿಳಿದೀತು. ಒಮ್ಮೆ ಮಾತ್ರ ಬರುವ ಒಬ್ಬ ದಾನಿಯ ಹೆಸರೋ ಅಳಿದುಹೋದ ಒಂದು ಗದ್ದೆಯ ಹೆಸರೋ ಆದರೆ ತಿಳಿಯುವುದು ಹೇಗೆ? ಇಲ್ಲಿ ನಿಯಮವೂ ನೆರವಾಗದು. ಹಳೆಯ ಕಡತವೊಂದೇ ನೆರವಾಗಬಲ್ಲದು. ಪರಿವರ್ತನೆ ಮುಗಿದೊಡನೆ ‘ಇನ್ನೇಕೆ’ ಎಂದು ಹಳೆಯದನ್ನು ಅಳಿಸುವ ರೂಢಿ ನಮ್ಮ ವಿಭಾಗಗಳಲ್ಲಿ ಕಾಣಬರುತ್ತಿರುವುದು ಅತ್ಯಂತ ಅಪಾಯಕರವಾದುದೆಂದು ನಾವು ಒತ್ತಿ ಹೇಳುತ್ತೇವೆ.

ಈ ಸಂದರ್ಭದಲ್ಲಿ ಮೂಡಬಿದಿರೆಯ ಅನುಭವವೇ ನಮ್ಮ ಮುಂದಿದೆ. ಅಲ್ಲಿಯ ಬಸದಿಯಲ್ಲಿ ರಕ್ಷಿತವಾಗಿದ್ದ ಧವಲಾ, ಜಯಧವಲಾ ಗ್ರಂಥಗಳ ತಾಳೆಯೋಲೆಗಳು ಹಳೆಯ ಕನ್ನಡ ಲಿಪಿಯವು, ಪ್ರಾಕೃತ ಸಂಸ್ಕೃತಗಳ ಭಾಷೆಯವು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅವುಗಳಿಂದ ನಾಗರಿಯಲ್ಲಿಯೂ ಕನ್ನಡದಲ್ಲಿಯೂ ಪ್ರತಿಗಳಾದವು. ಪ್ರತಿಯಿಂದ ಪ್ರತಿಯಾಗಿ ಉತ್ತರದೇಶಕ್ಕೆ ಹೋದವು. ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲನೆಯ ಸಂಪುಟವನ್ನು ಹೊರತಂದದ್ದು ಅಂಥ ಪ್ರತಿಗಳ ಪ್ರತಿಗಳಿಂದ. ಮೂಲ ಓಲೆಗಳೊಡನೆ ತಾಳೆನೋಡುವ ಅವಕಾಶ ಬಳಿಕವಷ್ಟೆ ದೊರೆಯಿತು. (ತಾಳೆನೋಡುವುದೆಂಬ ಮಾತು ತಾಳೆಯೋಲೆಗೆ ಇಷ್ಟು ಚೆನ್ನಾಗಿ ಒಪ್ಪುವುದು ಆಕಸ್ಮಿಕವಾದರೂ ರಮ್ಯವಾಗಿದೆ.) ಲಿಪ್ಯಂತರದಲ್ಲಿ ಬಿದ್ದ ಸಂದೇಹಗಳನ್ನು ಪರಿಹರಿಸುವುದು ಸಾಧ್ಯವಾದುದು ಓಲೆಗಳು ಉಳಿದಿದ್ದುದರಿಂದ. ಪ್ರತಿ ಮುಗಿಯಿತೆಂದು ಅವನ್ನು ಯಾರೂ ಒಲೆಗೆ ಹಾಕಿರಲಿಲ್ಲ.

ಅದೇ ಮೂಡಬಿದಿರೆಯಿಂದ ಕಲಿಯಬೇಕಾದ ಇನ್ನೊಂದು ಪಾಠವುಂಟು. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆಯೇ ಮುಂತಾದ ಕಡೆಗಳ ಓಲೆಗ್ರಂಥಗಳಿಗೆ ಸಿದ್ಧಪಡಿಸಿದ ಸೂಚಿ 1948ರಲ್ಲಿ ಕಾಶಿಯಿಂದ ಪ್ರಕಟವಾಯಿತು. ಭಂಡಾರದಲ್ಲಿ ಏನಿದೆಯೆಂಬುದು ಭಂಡಾರದ ಹೊರಗಿನವನಿಗೂ ಅದರಿಂದ ತಿಳಿಯುವಂತಾಯಿತು. ನಮ್ಮ ಗಣಕಶಾಲೆಗಳ ದಾಸ್ತಾನುಪಟ್ಟಿಯಲ್ಲಿ ಕುರ್ಚಿಗಳ ಸಂಖ್ಯೆಯಿದೆ, ಯಂತ್ರಗಳ ಬೆಲೆಯಿದೆ. ಯಾವ ಯಂತ್ರದಲ್ಲಿ ಯಾವ ಕಡತಸಂಗ್ರಹವಿದೆ, ಅದು ಯಾವ ಫಾಂಟಿನದು, ಸ್ವಿಚ್ಚಿನ ಯಾವ ಕಂಡಿ ಯಾವ ಕೋಣೆಯದು ಎಂಬುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಒಂದು ದೋಷಯುಕ್ತ ಕಡತದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುವೆಂದು ಮೈಕ್ರೋಸಾಫ್ಟು ಅಂದಾಜು ಮಾಡಿತು. ಪರಿಹಾರ ಸರಳವಾಗಿತ್ತು: ಸುರಕ್ಷಿತ ಸ್ಥಿತಿಯಲ್ಲಿ ಯಂತ್ರವನ್ನು ಎಬ್ಬಿಸಿ ಆ ಒಂದು ಕಡತವನ್ನು ತೆಗೆಯುವುದು. ಆದರೆ ಡಿಸ್ಕಿಗೆ ಬೀಗವಿದ್ದ ಯಂತ್ರಗಳಲ್ಲಿ ಅಷ್ಟನ್ನು ಮಾಡಲೂ 48 ಅಂಕಿಗಳ ಕೀಲಿ ಬೇಕಾಗಿತ್ತು. ಕೀಲಿಗಳ ಪಟ್ಟಿಯನ್ನು ಬೇರೆಡೆ ಬರೆದಿಟ್ಟುಕೊಂಡಿದ್ದವರು ಬೇಗ ಎದ್ದರು. ಕೆಲವರು ಆ ಪಟ್ಟಿಯನ್ನೂ ಕುಸಿದ ಯಂತ್ರದೊಳಗೇ ಇಟ್ಟಿದ್ದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತುದರಿಂದ ಕಾಲೇಜುಗಳಲ್ಲಿ ಹಳೆಯ ಯಂತ್ರಗಳನ್ನು ವಿಲೇವಾರಿ ಮಾಡುವ ಕಾಲ ಬಂದಿದೆ. ಸೂಚಿಯಿಲ್ಲದ ಭಂಡಾರವನ್ನು ತೂಕಕ್ಕೆ ಮಾರುವ ಈ ಕಾರ್ಯದಲ್ಲಿ ಏನೇನು ಹೋಗುತ್ತಿದೆಯೆಂಬುದನ್ನು ವಿಭಾಗಗಳು ಡಿಸ್ಕು ಗುಜರಿಗೆ ಸೇರುವ ಮುಂಚೆ ನೋಡಿಕೊಳ್ಳಬೇಕು.

ಯೂನಿಕೋಡು ತಾನೂ ದೋಷಮುಕ್ತವಲ್ಲ. ಹಳಗನ್ನಡದ ೞಕಾರಕ್ಕೆ ಅದರಲ್ಲಿ ‘ಫ’ ಎಂಬ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಬರೆದಿದ್ದಾರೆ. ಮೂಲವನ್ನು ಅಳಿಸದೆ ತಿದ್ದುವ ಈ ರೀತಿ ನಮಗೆ ಒಪ್ಪಿಗೆಯಾಗುತ್ತದೆ. ತುಳು-ತಿಗಳಾರಿ ಲಿಪಿಗೆ ಸಂಕೇತಗಳು ದೊರೆತದ್ದು 2024ರ ಸೆಪ್ಟೆಂಬರಿನಲ್ಲಿ, ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಆ ಲಿಪಿಯಲ್ಲಿ ಬೆರಳಚ್ಚಾದುದೆಲ್ಲವೂ ಬೇರೊಂದು ಲಿಪಿಯ ಮನೆಗಳಲ್ಲಿ ಕುಳಿತಿದೆ. ಆ ಕಡತಗಳನ್ನು ಹೊಸ ಸಂಕೇತಕ್ಕೆ ತರುವ ಕೆಲಸ ಇನ್ನು ಮೇಲೆ ನಡೆಯಬೇಕಾಗಿದೆ; ಅದನ್ನು ಕೈಕೊಳ್ಳುವವರು ಪ್ರತಿಯೊಂದು ಕಡತದೊಡನೆ ಅದರ ಫಾಂಟನ್ನೂ, ಆ ಫಾಂಟಿನ ಯಾವ ಮನೆಯಲ್ಲಿ ಯಾವ ಆಕಾರವಿದೆಯೆಂಬ ಪಟ್ಟಿಯನ್ನೂ ಇಟ್ಟುಕೊಂಡೇ ಆರಂಭಿಸಬೇಕು.